ಮೃಚ್ಛಕಟಿಕದಲ್ಲಿ ನೆರೆಬೀದಿಯ ಬಾಳು

ಮಹಾಕಾವ್ಯಕ್ಕೆ ನಗರವರ್ಣನೆಯು ಅವಶ್ಯವಾದ ಅಂಗವೆಂದು ಆಲಂಕಾರಿಕರು ವಿಧಿಸಿರುವರು. ದಂಡಿಯು ಕಾವ್ಯಾದರ್ಶದಲ್ಲಿ ವರ್ಣ್ಯವಸ್ತುಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ನಗರವನ್ನೇ. ಆ ವಿಧಿಯನ್ನು ಮೀರಿದ ಕವಿಗಳು ವಿರಳ. ಮುಗಿಲನ್ನು ಮುಟ್ಟುವ ಕೋಟೆ, ಪಾತಾಳಕ್ಕಿಳಿಯುವ ಕಂದಕ, ಚಂದ್ರನ ನಡಿಗೆಗೆ ಅಡ್ಡವಾಗುವ ಉಪ್ಪರಿಗೆಗಳು, ರತ್ನದ ಅಂಗಡಿಗಳು, ದರಿದ್ರನೊಬ್ಬನೂ ಇಲ್ಲದ ಜನಸ್ತೋಮ: ಇಷ್ಟನ್ನು ಓದಿದ ವಾಚಕನು ಅಯೋಧ್ಯೆಗೂ ಉಜ್ಜಯಿನಿಗೂ ಭೇದವನ್ನು ಕಾಣಲಾರನು. ಹೆಸರನ್ನು ಅಳಿಸಿ ಮತ್ತೊಂದು ಹೆಸರನ್ನು ಬರೆದರೆ ವರ್ಣನೆಗೆ ಯಾವ ಹಾನಿಯೂ ಆಗದು.

ಇದಕ್ಕೆ ಕಾರಣವು ಕವಿಗಳ ಶಕ್ತಿಹೀನತೆಯಲ್ಲ. ಅವರು ನಿಂತ ಸ್ಥಾನ. ಈ ವರ್ಣನೆಗಳೆಲ್ಲವೂ ಊರಬಾಗಿಲಲ್ಲಿ ನಿಂತು ನೋಡಿದವನ ನೋಟಗಳು. ಮೇಘದೂತದಲ್ಲಿ ಉಜ್ಜಯಿನಿಯನ್ನು ನೋಡುವುದು ಮೋಡ. ಅದು ದಾರಿಯನ್ನು ಬಳಸಿ ಬಂದ ಅತಿಥಿ, ಮೇಲಿನಿಂದ ನೋಡಿ ಮುಂದಕ್ಕೆ ಹೋಗುವುದು. ಕಾಳಿದಾಸನು ಆ ನೋಟಕ್ಕೆ ತಕ್ಕ ಸೊಬಗನ್ನು ಕೊಟ್ಟಿರುವನು. ಅದರಲ್ಲಿ ದೋಷವನ್ನು ಹುಡುಕುವುದು ಉಚಿತವಲ್ಲ. ಆದರೆ ಒಂದು ಪ್ರಶ್ನೆಯು ಉಳಿಯುತ್ತದೆ. ಅದೇ ಉಜ್ಜಯಿನಿಯಲ್ಲಿ ಮನೆ ಮಾಡಿಕೊಂಡಿರುವವನಿಗೆ ಆ ಊರು ಹೇಗೆ ಕಾಣುವುದು? ಬಾಗಿಲು ತೆರೆದರೆ ಎದುರಿಗೆ ಯಾರು? ಗೋಡೆಯ ಆಚೆಗೆ ಯಾರ ಮಾತು ಕೇಳಿಸುವುದು? ಬೀದಿಯಲ್ಲಿ ಬಂಡಿಯು ಸಿಕ್ಕಿಬಿದ್ದರೆ ಏನಾಗುವುದು? ಈ ಪ್ರಶ್ನೆಗಳಿಗೆ ಸಂಸ್ಕೃತ ಸಾಹಿತ್ಯದಲ್ಲಿ ಉತ್ತರವನ್ನು ಹೇಳುವ ಗ್ರಂಥವೆಂದರೆ ಶೂದ್ರಕನ ಮೃಚ್ಛಕಟಿಕ.

ಈ ಹತ್ತು ಅಂಕಗಳ ಪ್ರಕರಣದಲ್ಲಿ ಉಜ್ಜಯಿನಿಯ ವಿಧಿವತ್ತಾದ ವರ್ಣನೆಯು ಎಲ್ಲಿಯೂ ಇಲ್ಲ. ಆದರೂ ಗ್ರಂಥವನ್ನು ಮುಚ್ಚುವಾಗ ವಾಚಕನಿಗೆ ಆ ಊರಿನ ಓಣಿಗಳು ತನ್ನ ಓಣಿಗಳಂತೆ ಪರಿಚಿತವಾಗಿರುವುವು. ಮೊದಲನೆಯ ಅಂಕದಲ್ಲಿಯೇ ಕತ್ತಲೆ. ಶಕಾರನೂ ಅವನ ಸಂಗಡಿಗರೂ ವಸಂತಸೇನೆಯನ್ನು ಬೀದಿಯಲ್ಲಿ ಬೆನ್ನಟ್ಟಿ ಬರುವರು. ಆ ಕತ್ತಲೆಯಲ್ಲಿ ಕಣ್ಣು ಕೆಲಸಕ್ಕೆ ಬಾರದು. ಹೂಮಾಲೆಯ ಕಂಪು, ಕಾಲಂದಿಗೆಯ ಸದ್ದು, ಇವೇ ಅವಳಿರುವ ಸ್ಥಳವನ್ನು ತಿಳಿಸುವುವು. ಅವೆರಡನ್ನೂ ಅಡಗಿಸಿಕೊಂಡು ಅವಳು ಗೋಡೆಯನ್ನು ತಡವುತ್ತ ಬರುವಾಗ ಸಿಕ್ಕುವುದು ಚಾರುದತ್ತನ ಮನೆಯ ಪಕ್ಕದ ಬಾಗಿಲು. ಚೌಕದಲ್ಲಿ ಮಾತೃದೇವತೆಗಳಿಗೆ ಬಲಿಯಿಡಲು ವಿದೂಷಕನೂ ದಾಸಿಯೂ ಅದೇ ಸಮಯಕ್ಕೆ ಬಾಗಿಲನ್ನು ತೆರೆದುದರಿಂದ ಅವಳು ಒಳಗೆ ಬಂದಳು. ಇಲ್ಲಿ ಬೀದಿಯ ಅಗಲವನ್ನಾಗಲಿ ಮನೆಗಳ ಎತ್ತರವನ್ನಾಗಲಿ ಕವಿಯು ಹೇಳಿಲ್ಲ. ಆದರೆ ಒಂದು ಬಾಗಿಲು ತೆರೆಯುವ ಹೊತ್ತಿಗೂ ಮತ್ತೊಬ್ಬರ ಬಾಳಿಗೂ ಇರುವ ಸಂಬಂಧವನ್ನು ತೋರಿಸಿರುವನು. ಇದು ಊರಿನಲ್ಲಿ ಬಾಳಿದವನಿಗೆ ಮಾತ್ರ ತಿಳಿಯುವ ವಿಷಯ.

ಮೂರನೆಯ ಅಂಕದಲ್ಲಿ ಶರ್ವಿಲಕನು ಅದೇ ಮನೆಗೆ ಕನ್ನ ಕೊರೆಯುವನು. ಅವನು ಯಜ್ಞೋಪವೀತದಿಂದ ಕನ್ನದ ಅಳತೆ ತೆಗೆಯುವ ಹಾಸ್ಯವನ್ನು ಎಲ್ಲರೂ ಬಲ್ಲರು. ಅಷ್ಟಾಗಿ ಯಾರೂ ಗಮನಿಸದ ಸಂಗತಿಯೊಂದು ಅಲ್ಲಿಯೇ ಇದೆ. ಕನ್ನದ ಆಕಾರವನ್ನು ಗೊತ್ತುಮಾಡುವಾಗ ಆ ಕಳ್ಳನಿಗೆ ರಾಜಭಟರ ನೆನಪಿನ ಜತೆಗೆ ನೆರೆಯವರ ನೆನಪೂ ಬರುವುದು. ಬೆಳಗಾದ ಮೇಲೆ ನೆರೆಹೊರೆಯವರು ಕೂಡಿ ಬಂದು ಈ ಕೆಲಸದ ಗುಣದೋಷಗಳನ್ನು ವಿಚಾರಿಸುವರೆಂದು ಅವನು ತಿಳಿದಿರುವನು. ಬೀದಿಯಲ್ಲಿ ನಡೆದ ಯಾವ ಕೆಲಸಕ್ಕೂ, ಅದು ಕಳ್ಳತನವೇ ಆಗಲಿ, ವಿಮರ್ಶಕರು ಕಾದಿರುವರು! ಆದರೆ ಹಾಸ್ಯದ ಹಿಂದೆಯೇ ಕಹಿಯೂ ಬರುವುದು. ವಸಂತಸೇನೆಯು ಇಟ್ಟಿದ್ದ ಒಡವೆಗಳು ಹೋದುವೆಂದು ತಿಳಿದಾಗ ಚಾರುದತ್ತನ ಮೊದಲನೆಯ ಭಯವು ಜನಾಪವಾದದ್ದು. ಬಡವನ ಮನೆಯಲ್ಲಿ ಕಳವಾಯಿತೆಂಬ ಮಾತನ್ನು ಯಾರು ನಂಬುವರು? ಅವನ ಹೆಂಡತಿ ಧೂತೆಯು ತನ್ನ ರತ್ನಾವಳಿಯನ್ನು ತೆಗೆದುಕೊಡುವುದು ಆ ಅಪವಾದದಿಂದ ಗಂಡನನ್ನು ಉಳಿಸುವುದಕ್ಕಾಗಿ. ನೆರೆಯವರ ಬಾಯಿಯು ಎಷ್ಟು ಬಲವಾದ ವಸ್ತುವೆಂಬುದನ್ನು ಆ ಸಾಧ್ವಿಯು ಎಲ್ಲರಿಗಿಂತ ಚೆನ್ನಾಗಿ ಅರಿತಿರುವಳು.

ಪ್ರಕರಣಕ್ಕೆ ಹೆಸರನ್ನು ಕೊಟ್ಟ ಮಣ್ಣಿನ ಬಂಡಿಯ ಪ್ರಸಂಗವನ್ನು ವಿಚಾರಿಸಿದರೆ ಈ ವಿಷಯವು ಇನ್ನೂ ಸ್ಪಷ್ಟವಾಗುವುದು. ಚಾರುದತ್ತನ ಮಗ ರೋಹಸೇನನು ನೆರೆಮನೆಯ ಗೃಹಸ್ಥನ ಮಗನ ಹೊನ್ನಿನ ಬಂಡಿಯೊಂದಿಗೆ ಆಡಿದನು. ಆ ಹುಡುಗನು ತನ್ನ ಬಂಡಿಯನ್ನು ತೆಗೆದುಕೊಂಡು ಹೋದನು. ದಾಸಿ ರದನಿಕೆಯು ಮಣ್ಣಿನ ಬಂಡಿಯನ್ನು ಮಾಡಿಕೊಟ್ಟರೆ ಮಗುವಿಗೆ ಅದು ಬೇಡ. ವ್ಯಾಖ್ಯಾನಕಾರರು ಇದರಲ್ಲಿ ದಾರಿದ್ರ್ಯವನ್ನೂ ವಸಂತಸೇನೆಯ ವಾತ್ಸಲ್ಯವನ್ನೂ ಕಂಡಿರುವರು, ಅದು ಸರಿಯೇ. ಆದರೆ ಈ ದುಃಖವು ಕಾಡಿನ ನಡುವಣ ಒಂಟಿ ಮನೆಯಲ್ಲಿ ಹುಟ್ಟಲಾರದು. ಧನಿಕನ ಮನೆಗೂ ದರಿದ್ರನ ಮನೆಗೂ ನಡುವೆ ಒಂದೇ ಗೋಡೆಯಿರುವ ಬೀದಿಯಲ್ಲಿ, ಮಕ್ಕಳು ಎರಡು ಅಂಗಳಗಳನ್ನೂ ತಮ್ಮವೆಂದು ಭಾವಿಸಿ ಓಡಾಡುವ ಬೀದಿಯಲ್ಲಿ ಮಾತ್ರ ಇದು ಹುಟ್ಟುವುದು. ಬಂಡಿಯನ್ನು ಆಡಲು ಕೊಟ್ಟದ್ದೂ ನೆರೆಯೇ, ಕಿತ್ತುಕೊಂಡದ್ದೂ ನೆರೆಯೇ. ಪಟ್ಟಣವಾಸದ ಸುಖವೂ ಸಂಕಟವೂ ಒಂದೇ ಗೋಡೆಯಿಂದ ಬರುವುವೆಂಬುದನ್ನು ಕವಿಯು ಒಂದು ಆಟಿಕೆಯಲ್ಲಿ ತುಂಬಿರುವನು.

ಅದೇ ಅಂಕದಲ್ಲಿ ಕಥೆಯ ಗತಿಯನ್ನೆಲ್ಲ ತಿರುಗಿಸುವ ಸಂಗತಿಯು ಮತ್ತಷ್ಟು ಸಾಮಾನ್ಯವಾದುದು. ಹಳ್ಳಿಯ ಬಂಡಿಗಳು ಬಂದು ದಾರಿಯನ್ನು ಕಟ್ಟಿದುವು. ಆದುದರಿಂದ ಶಕಾರನ ಸಾರಥಿ ಸ್ಥಾವರಕನು ತನ್ನ ಬಂಡಿಯನ್ನು ಚಾರುದತ್ತನ ತೋಟದ ಬಾಗಿಲಲ್ಲಿ ನಿಲ್ಲಿಸಿ, ಸಿಕ್ಕಿಕೊಂಡ ಒಂದು ಗಾಡಿಯ ಗಾಲಿಗೆ ಕೈಗೊಡಲು ಹೋದನು. ವಸಂತಸೇನೆಯು ಅದನ್ನು ಚಾರುದತ್ತನ ಬಂಡಿಯೆಂದು ತಿಳಿದು ಹತ್ತಿದಳು. ಶಾಪವಿಲ್ಲ, ಅಶರೀರವಾಣಿಯಿಲ್ಲ, ವಿಧಿಯ ಆಡಂಬರವಿಲ್ಲ. ಇಕ್ಕಟ್ಟಾದ ಬೀದಿ, ಒಬ್ಬ ಸಾರಥಿಯ ಉಪಕಾರಬುದ್ಧಿ: ಇಷ್ಟರಿಂದಲೇ ಒಬ್ಬಳ ಪ್ರಾಣವೂ ಒಬ್ಬನ ಮಾನವೂ ಅಪಾಯಕ್ಕೆ ಸಿಕ್ಕಿದುವು.

ಕನ್ನಡಿಗರಿಗೆ ವಿಶೇಷವಾಗಿ ಸ್ವಾರಸ್ಯವಾದ ಸಂಗತಿಯೂ ಇಲ್ಲಿಯೇ ಬರುವುದು. ಸೆರೆಯಿಂದ ತಪ್ಪಿಸಿಕೊಂಡ ಆರ್ಯಕನನ್ನು ರಕ್ಷಿಸಬೇಕೆಂದಿರುವ ಚಂದನಕನು ದಾಕ್ಷಿಣಾತ್ಯ. ಬಂಡಿಯನ್ನು ಶೋಧಿಸಬೇಕೆಂದು ಹಟಹಿಡಿದ ವೀರಕನ ಗಮನವನ್ನು ತಿರುಗಿಸಲು ಅವನು ಹೂಡುವುದು ‘ಕರ್ಣಾಟಕಲಹ’. ಉಜ್ಜಯಿನಿಯ ರಾಜಬೀದಿಯಲ್ಲಿ ಕನ್ನಡಿಗರ ಜಗಳವು ಒಂದು ಶೈಲಿಯೆಂದು ಪ್ರಸಿದ್ಧವಾಗಿದ್ದಿತೆಂಬುದನ್ನು ಓದಿ ಅಭಿಮಾನಪಡಬೇಕೋ ನಾಚಬೇಕೋ ವಾಚಕರೇ ನಿರ್ಣಯಿಸಿಕೊಳ್ಳಲಿ! ನಾನಾ ದೇಶಗಳ ಜನರು ಒಂದೇ ಬೀದಿಯಲ್ಲಿ ಬಾಳುವಾಗ ಒಬ್ಬರನ್ನೊಬ್ಬರು ಹೀಗೆ ಮಾತಿನ ಬಗೆಯಿಂದಲೂ ಜಗಳದ ಬಗೆಯಿಂದಲೂ ಗುರುತಿಸುವುದು ಸಹಜ.

ಶೂದ್ರಕನು ಮಾಡಿದ ಕೆಲಸದ ಮಹತ್ತ್ವವು ಭಾಸನದೆಂದು ಹೇಳಲ್ಪಡುವ ಚಾರುದತ್ತ ನಾಟಕದೊಡನೆ ಹೋಲಿಸಿದರೆ ತಿಳಿಯುವುದು. ಟಿ. ಗಣಪತಿ ಶಾಸ್ತ್ರಿಗಳು 1912ರಿಂದ ತಿರುವನಂತಪುರದಲ್ಲಿ ಪ್ರಕಟಿಸಿದ ನಾಟಕಗಳಲ್ಲಿ ಅದೂ ಒಂದು. ಅದರಲ್ಲಿರುವುದು ನಾಲ್ಕೇ ಅಂಕಗಳು. ಬಡವನಾದ ಸಜ್ಜನನಿಗೂ ಗಣಿಕೆಗೂ ಪ್ರೇಮವುಂಟಾದುದನ್ನು ಹೇಳಿ ಅದು ನಿಲ್ಲುವುದು. ಮಣ್ಣಿನ ಬಂಡಿ, ದಾರಿಯ ಅಡಚಣೆ, ಚಂದನಕನ ಜಗಳ, ನ್ಯಾಯಸ್ಥಾನ, ವಧ್ಯಸ್ಥಾನಕ್ಕೆ ಮೆರವಣಿಗೆ ಇವೆಲ್ಲವೂ ಮೃಚ್ಛಕಟಿಕದ ಮುಂದಿನ ಆರು ಅಂಕಗಳಲ್ಲಿರುವುವು. ಎಂದರೆ ನಾಲ್ಕು ಅಂಕಗಳಲ್ಲಿ ಇಬ್ಬರ ಕಥೆಯಾಗಿರುವುದು ಹತ್ತು ಅಂಕಗಳಲ್ಲಿ ಊರಿನ ಕಥೆಯಾಗಿರುವುದು.

ಗುಣಗಳನ್ನು ಹೇಳಿ ದೋಷಗಳನ್ನು ಮರೆಸುವುದು ವಿಮರ್ಶೆಯ ಧರ್ಮವಲ್ಲ. ನಾಲ್ಕನೆಯ ಅಂಕದಲ್ಲಿ ವಸಂತಸೇನೆಯ ಮನೆಯ ಎಂಟು ಅಂಗಳಗಳನ್ನು ವಿದೂಷಕನು ಒಂದೊಂದಾಗಿ ವರ್ಣಿಸುವಾಗ ಶೂದ್ರಕನೂ ಹಳೆಯ ಚಾಳಿಗೆ ಬಿದ್ದಿರುವನು. ಹಸಿದ ಬ್ರಾಹ್ಮಣನು ಅಡಿಗೆಮನೆಯ ಕಂಪಿಗೆ ಮನಸೋಲುವ ಭಾಗವೊಂದನ್ನು ಬಿಟ್ಟರೆ ಉಳಿದುದು ನೀರಸ. ಕಥೆಯು ಅಲ್ಲಿ ನಿಂತ ನೀರಾಗುವುದು. ಕೊನೆಯ ಅಂಕದಲ್ಲಿ ರಾಜನು ಬದಲಾದೊಡನೆಯೇ ಎಲ್ಲರ ಕಷ್ಟವೂ ತೀರುವ ಅವಸರವೂ ಒಪ್ಪತಕ್ಕದ್ದಲ್ಲ.

ಆದರೆ ಒಂಬತ್ತು ಹತ್ತನೆಯ ಅಂಕಗಳಲ್ಲಿ ಕವಿಯು ಎತ್ತಿರುವ ವಿಷಯವು ಈ ದೋಷಗಳನ್ನೆಲ್ಲ ಮೀರಿಸುವಂಥದು. ನ್ಯಾಯಸ್ಥಾನದಲ್ಲಿ ಪ್ರತಿಯೊಬ್ಬನೂ ತಾನು ಬಲ್ಲ ನಿಜವನ್ನೇ ನುಡಿಯುವನು. ಮಗಳು ಚಾರುದತ್ತನ ಮನೆಗೆ ಹೋದಳೆಂದು ವಸಂತಸೇನೆಯ ತಾಯಿ ಹೇಳುವುದು ನಿಜ. ಚಾರುದತ್ತನ ಬಂಡಿಯು ತೋಟದ ಕಡೆಗೆ ಹೋಯಿತೆಂದು ವೀರಕನು ಹೇಳುವುದೂ ನಿಜ. ವಿದೂಷಕನ ಕಂಕುಳಿನಿಂದ ಜಾರಿಬಿದ್ದ ಒಡವೆಗಳು ಅವಳವೇ. ಶಕಾರನೊಬ್ಬನ ಹೊರತು ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ಆ ನಿಜಗಳೆಲ್ಲ ಕೂಡಿ ಒಂದು ದೊಡ್ಡ ಸುಳ್ಳಾಗುವುವು. ಎಲ್ಲರೂ ಎಲ್ಲರನ್ನೂ ಬಲ್ಲ ಬೀದಿಯಲ್ಲಿ ಯಾರಿಗೂ ಪೂರ್ತಿ ತಿಳಿಯದು. ಡಂಗುರದೊಡನೆ ಚಾರುದತ್ತನನ್ನು ಕರೆದುಕೊಂಡು ಹೋಗುವಾಗ ಮಾಳಿಗೆಗಳಿಂದ ಹೆಂಗಸರು ಕಣ್ಣೀರು ಸುರಿಸುವರು. ಕೆಳಗಿಳಿದು ಬಂದು ತಡೆಯುವವರು ಇಲ್ಲ. ನಿಜವನ್ನು ಕಣ್ಣಾರೆ ಕಂಡು ಕೂಗಿ ಹೇಳಿದವನು, ಸಂಕೋಲೆಯೊಡನೆಯೇ ಉಪ್ಪರಿಗೆಯ ಕಿಟಕಿಯಿಂದ ಧುಮುಕಿದ ಸ್ಥಾವರಕನೊಬ್ಬನೇ. ಅವನು ದಾಸನಾದುದರಿಂದ ಅವನ ಮಾತು ನಡೆಯಲಿಲ್ಲ. ನೆರೆಯವರ ಪ್ರೀತಿಯು ಸುಳ್ಳಲ್ಲ. ಆದರೆ ಪ್ರೀತಿಯು ಮಾಳಿಗೆಯ ಮೇಲೆಯೇ ನಿಂತರೆ ಅದರಿಂದ ಒಂದು ತಲೆಯೂ ಉಳಿಯದು. ಇದೇ ಶೂದ್ರಕನು ಪಟ್ಟಣವಾಸಿಗಳಿಗೆ ಬಿಟ್ಟುಹೋದ ಕಠಿನವಾದ ಪಾಠ.

ಈ ವಿಚಾರವು ಹಳೆಯ ಗ್ರಂಥದೊಡನೆಯೇ ಮುಗಿಯುವುದಿಲ್ಲ. ಕನ್ನಡ ನಾಡಿನ ಹಳೆಯ ಪೇಟೆಗಳನ್ನು ಕುರಿತು ಈಗ ಬರುತ್ತಿರುವ ಬರಹಗಳಿಗೂ ಇದೇ ಒರೆಗಲ್ಲು. ಬೆಂಗಳೂರಿನ ಪೇಟೆಯನ್ನೇ ತೆಗೆದುಕೊಳ್ಳಬಹುದು. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂಬುದು, ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಚೌಕ, ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂಬ ಕಸುಬಿನ ಹೆಸರುಗಳು, 1791ರ ಯುದ್ಧ: ಇವನ್ನು ಹೇಳದ ಲೇಖಕನಿಲ್ಲ. ಈ ಸಂಗತಿಗಳು ಬೇಕಾದುವೇ. ಆದರೆ ಬಹುಮಟ್ಟಿಗೆ ಇವು ಮತ್ತೆ ಊರಬಾಗಿಲಲ್ಲಿ ನಿಂತವನ ನೋಟಗಳೇ. ಅದಕ್ಕೆ ಚರಿತ್ರೆಯಲ್ಲಿ ಕಾರಣವೂ ಉಂಟು. 1898ರಲ್ಲಿ ಪ್ಲೇಗು ಬಂದು ಪೇಟೆಯ ಇಕ್ಕಟ್ಟಾದ ಮನೆಗಳಲ್ಲಿ ಹರಡಿದ ಮೇಲೆ ಬಸವನಗುಡಿ ಮಲ್ಲೇಶ್ವರಗಳೆಂಬ ವಿಶಾಲವಾದ ಬಡಾವಣೆಗಳು ಬೆಳೆದುವು. ಓದುಬರಹ ಬಲ್ಲ ಕುಟುಂಬಗಳು ಅನೇಕವು ಅಲ್ಲಿಗೆ ಹೋದುವು. ಲೇಖನಿಯು ಬಡಾವಣೆಗೆ ಹೋಯಿತು. ತಕ್ಕಡಿಯು ಪೇಟೆಯಲ್ಲಿಯೇ ಉಳಿಯಿತು. ಆಮೇಲೆ ಪೇಟೆಯನ್ನು ಕುರಿತು ಬರೆದವರಲ್ಲಿ ಬಹುಮಂದಿ ಬಟ್ಟೆ ಪಾತ್ರೆಗಳನ್ನು ಕೊಳ್ಳಲು ಬಂದು ಸಂಜೆಗೆ ಹಿಂದಿರುಗುವವರು.

ಇಂಥವರ ಬರಹದಲ್ಲಿ ಪೇಟೆಗೆ ಎರಡೇ ರೂಪಗಳು: ಒಂದು ಪ್ರಾಚೀನತೆಯ ಸೊಬಗು, ಇನ್ನೊಂದು ಗಲಾಟೆ. ಸೊಬಗೆಂದವನು ಅಲ್ಲಿ ಬಾಳುವವರನ್ನು ಚಿತ್ರದ ಬೊಂಬೆಗಳನ್ನಾಗಿ ಮಾಡುವನು. ಗಲಾಟೆಯೆಂದವನು ಎಲ್ಲವನ್ನೂ ಕೆಡವಿ ಅಗಲಮಾಡಬೇಕೆನ್ನುವನು. ಮೇಲಂತಸ್ತಿನಲ್ಲಿ ಸಂಸಾರ, ಕೆಳಗೆ ಅಂಗಡಿ ಇಟ್ಟುಕೊಂಡಿರುವವನ ಮಾತನ್ನು ಇಬ್ಬರೂ ಕೇಳುವುದಿಲ್ಲ. 2017ರಿಂದ ಚಿಕ್ಕಪೇಟೆಯ ನೆಲದಡಿಯಲ್ಲಿ ರೈಲಿನ ನಿಲ್ದಾಣವಿದೆ. ಅದರ ಮೇಲೆ ಹಮಾಲನು ಇಂದಿಗೂ ತಲೆಹೊರೆಯೊಡನೆ ದಾರಿ ಕೇಳುತ್ತ ನಡೆಯುವನು, ತಳ್ಳುಗಾಡಿಗಳು ಒಂದಕ್ಕೊಂದು ಅಡ್ಡವಾಗಿ ನಿಲ್ಲುವುವು. ಶೂದ್ರಕನಾದರೆ ಆ ತಳ್ಳುಗಾಡಿಯ ಬಳಿ ನಿಂತು ಕಥೆಯನ್ನು ಆರಂಭಿಸುತ್ತಿದ್ದನು. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯಸ್ವಾಮಿ ದೇವಾಲಯದಿಂದ ಹೊರಟ ಕರಗವು ಪೇಟೆಗಳನ್ನು ಸುತ್ತುತ್ತ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿಬರುವುದನ್ನು ವರ್ಣಿಸುವವರು ಅದನ್ನು ಆಶ್ಚರ್ಯವೆಂದು ವರ್ಣಿಸುವರು. ಆ ಬೀದಿಗಳಲ್ಲಿ ಹುಟ್ಟಿ ಬೆಳೆದವರಿಗೆ ಅದು ನೆರೆಮನೆಯ ಬಾಗಿಲಿಗೆ ಹೋಗಿಬರುವಷ್ಟೇ ಸಹಜ. ಆ ಸಹಜತೆಯನ್ನು ಹಿಡಿದಿಡುವುದೇ ಕಷ್ಟವಾದ ಕೆಲಸ. ಸಾಹಿತ್ಯದ ಕೆಲಸವೂ ಅದೇ.

ವರ್ಣನೆಯು ಬರಿಯ ಅಲಂಕಾರವೆಂದು ತಿಳಿಯಲಾಗದು. ಒಂದು ಕೇರಿಯನ್ನು ಜನರು ಹೇಗೆ ವರ್ಣಿಸುವರೋ ಕಾಲಕ್ರಮದಲ್ಲಿ ಅದನ್ನು ಹಾಗೆಯೇ ನಡೆಸಿಕೊಳ್ಳುವರು. ಆದುದರಿಂದ ಹಳೆಯ ಪೇಟೆಯನ್ನು ಕುರಿತು ಬರೆಯತೊಡಗುವ ತರುಣರು ಕೋಟೆಯ ಎತ್ತರವನ್ನು ಅಳೆಯುವುದಕ್ಕೆ ಮುಂಚೆ ಒಂದು ಬಾಗಿಲಿನ ಮುಂದೆ ಕೆಲವು ದಿನ ಕುಳಿತಿರುವುದು ಲೇಸು. ಅಲ್ಲಿ ಯಾವ ಮಗುವು ಯಾವ ಮನೆಯ ಆಟಿಕೆಗಾಗಿ ಅಳುತ್ತಿದೆಯೆಂಬುದು ತಿಳಿದರೆ, ಆ ಊರಿನ ವರ್ಣನೆಯು ಮುಕ್ಕಾಲು ಪಾಲು ಮುಗಿದಂತೆಯೇ.