ಪಟಾಕಿ ಸದ್ದಿನ ಟೇಪು

ಮೊದಲ ಸಲ ಕೇಳಿದಾಗ ನನ್ನ ಹೆಡ್‌ಫೋನೇ ಕೆಟ್ಟಿದೆ ಅಂದುಕೊಂಡಿದ್ದೆ. ಪಿಂಕ್ ಫ್ಲಾಯ್ಡ್ ಬ್ಯಾಂಡು 1977ರ ಜುಲೈ 6ರಂದು ಕೆನಡಾದ ಮಾಂಟ್ರಿಯಲ್ ಒಲಿಂಪಿಕ್ ಸ್ಟೇಡಿಯಂನಲ್ಲಿ ಕೊಟ್ಟ ಶೋ. ಸುಮಾರು 80 ಸಾವಿರ ಜನ. ಅವರ ನಡುವೆ ಯಾರೋ ಪುಣ್ಯಾತ್ಮ ಟೇಪ್‌ರೆಕಾರ್ಡರು ಬಚ್ಚಿಟ್ಟುಕೊಂಡು ನಿಂತಿದ್ದಾನೆ. ಬಾಸ್ ಗುಂಯ್‌ಗುಡುತ್ತೆ, ಹಾಡು ಬಾವಿಯೊಳಗಿಂದ ಬಂದ ಹಾಗಿದೆ, ಅಕ್ಕಪಕ್ಕದವರ ಶಿಳ್ಳೆ ಮಾತ್ರ ಸ್ವಚ್ಛ! ಹತ್ತೇ ನಿಮಿಷಕ್ಕೆ ಆಫ್ ಮಾಡಿದ್ದೆ. ಆಮೇಲೆ ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ.

ಆ ವರ್ಷ ಬಂದಿದ್ದ 'ಅನಿಮಲ್ಸ್' ಆಲ್ಬಂನಲ್ಲಿ ಒಂದೂವರೆ ನಿಮಿಷದ ಪುಟ್ಟ ಹಾಡಿದೆ, ಒಂದು ಗಿಟಾರು, ಒಂದು ಗಂಟಲು, ಅಷ್ಟೆ. ರೋಜರ್ ವಾಟರ್ಸ್ ಅದನ್ನು ಎತ್ತಿಕೊಂಡ ಹೊತ್ತಿಗೇ ಜನರ ನಡುವೆ ಪಟಾಕಿ ಢಮಾರ್ ಅನ್ನುತ್ತೆ. ಅವನು ಹಾಡು ನಿಲ್ಲಿಸಿ ಬೈತಾನೆ. ನಾನಿಲ್ಲಿ ಹಾಡೋಕೆ ನೋಡ್ತಿದೀನಿ, ಕೇಳೋಕೆ ಬಂದವರೂ ಇದಾರೆ ಅನ್ನೋ ಅರ್ಥದ ಮಾತು, ಜೊತೆಗೆ ಅಚ್ಚು ಮಾಡಲಾಗದ ಒಂದು ಪದ. ಜನ ಏನು ಮಾಡ್ತಾರೆ ಗೊತ್ತಾ? ಖುಷಿಯಿಂದ ಕಿರುಚ್ತಾರೆ. ಬೈಗುಳಾನೂ ಶೋನದೇ ಭಾಗ ಅಂದುಕೊಂಡಿರಬೇಕು.

ಮೊದಮೊದಲು ನಾನು ಪೂರ್ತಿ ವಾಟರ್ಸ್ ಕಡೆಗಿದ್ದೆ. ಈಗ ಅಷ್ಟು ಗ್ಯಾರಂಟಿ ಇಲ್ಲ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಸ್ಟೇಜಿಂದ ನೂರು ಮೀಟರ್ ದೂರ ನಿಂತವನ ಕಿವಿಗೆ ಪ್ರತಿ ಸ್ವರವೂ ಸುಮಾರು 0.3 ಸೆಕೆಂಡ್ ತಡ. ನಮ್ಮ ಆಫೀಸಿನಲ್ಲಿ ಅಷ್ಟು ಲೇಟೆನ್ಸಿ ಬಂದರೆ ಮೀಟಿಂಗ್ ಕರೀತಾರೆ. ಅಷ್ಟು ದೂರದಿಂದ ಗಾಯಕ ಕಡ್ಡಿಯಷ್ಟು ಕಾಣ್ತಾನೆ, ಗಿಟಾರು ಪಿಸುಮಾತಾಗುತ್ತೆ. ಪಟಾಕಿ ಹಚ್ಚಿದವನು ದುಷ್ಟನೇ ಆಗಬೇಕಿಲ್ಲ, ಬೋರಾಗಿದ್ದಿರಬಹುದು. 80 ಸಾವಿರ ಜನರಿಗೆ ಟಿಕೆಟ್ ಮಾರಿ ಆಮೇಲೆ ಪಡಸಾಲೆಯ ಮೌನ ಬೇಕು ಅಂದರೆ ಹೇಗೆ ಮಾರಾಯ್ರೆ?

ಅದೇ ರಾತ್ರಿ ವಾಟರ್ಸ್ ಮುಂದಿದ್ದ ಒಬ್ಬ ಅಭಿಮಾನಿಯ ಮುಖಕ್ಕೆ ಉಗುಳಿದ. ಆಮೇಲೆ ಅದಕ್ಕೆ ನಾಚಿಕೊಂಡು, ಸ್ಟೇಜಿಗೂ ಜನಕ್ಕೂ ನಡುವೆ ಗೋಡೆ ಕಟ್ಟುವ ಯೋಚನೆ ಮಾಡಿದ. ಅದರಿಂದಲೇ 1979ರ 'ದಿ ವಾಲ್' ಹುಟ್ಟಿತು. ಈ ಕಥೆ ಅವನೇ ಬೇಕಾದಷ್ಟು ಸಲ ಹೇಳಿದಾನೆ. ಆದರೆ ಉಗುಳು ಟೇಪಿಗೆ ಸಿಕ್ಕಲ್ಲ. ಟೇಪಿನಲ್ಲಿರೋದು ಅದಕ್ಕೆ ಮುಂಚಿನ ಕಿರಿಕಿರಿ, ಸ್ವಲ್ಪಸ್ವಲ್ಪವೇ ಹುಳಿಯಾಗುವ ಒಂದು ದನಿ. ಕಥೆ ಹೇಳುವಾಗ ವಾಟರ್ಸ್ ಅದನ್ನು ಒಂದು ಕ್ಷಣಕ್ಕೆ ಇಳಿಸ್ತಾನೆ. ಟೇಪು ಇಡೀ ರಾತ್ರಿಯನ್ನು ಕೊಡುತ್ತೆ. ನನಗೆ ಟೇಪಿನ ಮೇಲೇ ಹೆಚ್ಚು ನಂಬಿಕೆ.

ಇಂಥ ಕದ್ದ ರೆಕಾರ್ಡಿಂಗ್‌ಗಳ ಬಗ್ಗೆ ಬ್ಯಾಂಡಿಗೂ ಗೊತ್ತಿತ್ತು. ಆ ಪ್ರವಾಸದಲ್ಲಿ ಒಂದು ಹಾಡಿನ ನಡುವೆ ವಾಟರ್ಸ್ ದಿನಕ್ಕೊಂದು ಸಂಖ್ಯೆ ಕೂಗುತ್ತಿದ್ದ, ಅದು ಎಷ್ಟನೇ ಶೋ ಅನ್ನೋ ಲೆಕ್ಕ. ಕಳ್ಳ ಟೇಪುಗಳನ್ನು ಗುರುತು ಹಿಡಿಯೋಕೆ ಅಂತಾರೆ. ಈಗ ಟೇಪಿಗೆ ತಾರೀಖು ಹಚ್ಚಲು ಅಭಿಮಾನಿಗಳಿಗೇ ಅದು ಅನುಕೂಲ!

ಸದ್ದಿನ ಗುಣಮಟ್ಟವೇ ಮುಖ್ಯ ಅನ್ನೋರು ಮೈಕ್ ಮಿಲ್ಲರ್ಡ್‌ನ ಟೇಪು ಕೇಳಿ. 1975ರ ಏಪ್ರಿಲ್ 26ರಂದು ಲಾಸ್ ಏಂಜಲೀಸ್ ಸ್ಪೋರ್ಟ್ಸ್ ಅರೇನಾದಲ್ಲಿ ಇದೇ ಬ್ಯಾಂಡನ್ನು ಒಳ್ಳೆ ಮೈಕು, ನಕಾಮಿಚಿ ರೆಕಾರ್ಡರು ಇಟ್ಟುಕೊಂಡು ಹಿಡಿದವನು. ಯಂತ್ರ ಒಳಗೆ ಸಾಗಿಸೋಕೆ ವೀಲ್‌ಚೇರಿನಲ್ಲಿ ಕೂತು ಹೋಗುತ್ತಿದ್ದ ಅನ್ನೋದು ಅವನ ಬಗ್ಗೆ ಪ್ರಸಿದ್ಧ ಕಥೆ. 1994ರಲ್ಲಿ ತೀರಿಕೊಂಡ. 2025ರಲ್ಲಿ 'ವಿಶ್ ಯು ವರ್ ಹಿಯರ್'ಗೆ 50 ತುಂಬಿದಾಗ ಬಂದ ಸೆಟ್ಟಿನಲ್ಲಿ ಅವನ ಅದೇ ಟೇಪನ್ನು ಸ್ಟೀವನ್ ವಿಲ್ಸನ್ ಕೈಯಲ್ಲಿ ಶುಚಿ ಮಾಡಿಸಿ ಸೇರಿಸಿದರು. ಒಂದು ಕಾಲದ ಕಳ್ಳಮಾಲು ಈಗ ಅಧಿಕೃತ ಸರಕು. ಸಂತೋಷವೇ, ಚೆನ್ನಾಗಿಯೂ ಇದೆ. ಆದರೂ ಮಾಂಟ್ರಿಯಲ್ ಟೇಪನ್ನು ಯಾರೂ ಹೀಗೆ ಶುಚಿ ಮಾಡದಿರಲಿ. ಕಂಪನಿಯವರ ಲೈವ್ ಆಲ್ಬಂ ರಿಲೀಸ್ ನೋಟ್ ಇದ್ದ ಹಾಗೆ, ಎಲ್ಲ ಸರಿಯಾಗಿದೆ ಅನ್ನುತ್ತೆ. ಇದು ಲಾಗ್ ಫೈಲು. ಬಗ್ ಎಲ್ಲಿ ಶುರುವಾಯ್ತು ಅಂತ ಹುಡುಕೋದು ಲಾಗ್‌ನಲ್ಲೇ ತಾನೆ?

ಹಾಗಂತ ಕರಕರ ಸದ್ದೇ ಸತ್ಯ ಅಂತಲ್ಲ. ಇದು 80 ಸಾವಿರದಲ್ಲಿ ಒಂದು ಜಾಗದ ಸತ್ಯ. ಅವನ ಪಕ್ಕದಲ್ಲಿ ಬಾಯಿಬಡುಕರಿದ್ದರೆ ಇಡೀ ಸ್ಟೇಡಿಯಂ ಬಾಯಿಬಡುಕವಾಗುತ್ತೆ. ನಮ್ಮೂರಲ್ಲಿ ಅಪ್ಪ ತಾಳಮದ್ದಳೆಯನ್ನು ಟೇಪ್ ಮಾಡಿಕೊಂಡು ಬಂದಿದ್ದ ಒಂದು ಕ್ಯಾಸೆಟ್ಟಿನಲ್ಲಿ ಕರ್ಣನಿಗಿಂತ ಜೋರಾಗಿ ಕೇಳೋದು ಪಕ್ಕದಲ್ಲಿ ಕವಳ ಹಾಕುತ್ತಾ ಅಡಿಕೆ ರೇಟು ಮಾತಾಡೋರು. ಚಿಕ್ಕವನಿದ್ದಾಗ ಅದಕ್ಕೆ ಸಿಟ್ಟು ಬರ್ತಿತ್ತು. ಈಗ ಆ ದನಿಗಳಲ್ಲಿ ಇಬ್ಬರು ಇಲ್ಲ. ಅವರ ಮಾತು ಬೇರೆಲ್ಲೂ ಉಳಿದಿಲ್ಲ.

ಮಾಂಟ್ರಿಯಲ್ ಟೇಪಿನ ಕೊನೆ ಕೇಳಿ. ಜನ ಬಿಡಲ್ಲ, ಇನ್ನೊಂದು ಬೇಕು ಅಂತಾರೆ. ಡೇವಿಡ್ ಗಿಲ್ಮೋರ್ ಬೇಜಾರಾಗಿ ಸ್ಟೇಜಿಗೆ ವಾಪಸ್ ಬರಲೇ ಇಲ್ಲ. ಪ್ರವಾಸಕ್ಕೆ ಜೊತೆಗಿದ್ದ ಸ್ನೋಯಿ ವೈಟ್ ಗಿಟಾರ್ ನುಡಿಸ್ತಾನೆ. ನಿಧಾನದ ಒಂದು ಬ್ಲೂಸ್. ನುಡಿಸುತ್ತಿರುವಾಗಲೇ ಕೆಲಸದವರು ಸ್ಟೇಜಿನ ಸಾಮಾನು ಬಿಚ್ಚುತ್ತಿದ್ದರಂತೆ. ಟೇಪಿನಲ್ಲಿ ಅದೇನೂ ಕಾಣಲ್ಲ, ಹಾಡೂ ಚೂರುಪಾರು ಕೇಳುತ್ತೆ. ಯಂತ್ರ ಬಚ್ಚಿಟ್ಟುಕೊಂಡವನು ಮಾತ್ರ ಇನ್ನೂ ಆಫ್ ಮಾಡಿಲ್ಲ.