ಕಾಣದ ಕೈ ಯಾರದು?

ಭಯದ ಸಿನಿಮಾ ಎಂದರೆ ಗಂಭೀರ ವಿಮರ್ಶಕರು ಮೂಗು ಮುರಿಯುವುದೇ ಹೆಚ್ಚು. ಬಿಳಿ ಸೀರೆ, ಕಿರುಗುಟ್ಟುವ ಬಾಗಿಲು, ನಡುರಾತ್ರಿಯ ನಾಯಿಯ ಊಳು ಇವನ್ನೆಲ್ಲ ನೋಡಿ, ನಕ್ಕು, ಮರೆತುಬಿಡುವುದು ವಾಡಿಕೆ. ಆದರೆ ಆಸ್ಟ್ರಿಯಾದ ನಿರ್ದೇಶಕ ಪೀಟರ್ ಚೆರ್ಕಾಸ್ಕಿ 1999ರಲ್ಲಿ ಮಾಡಿದ ‘ಔಟರ್ ಸ್ಪೇಸ್’ ಎಂಬ ಹತ್ತು ನಿಮಿಷದ ಕಪ್ಪುಬಿಳುಪು ಚಿತ್ರವನ್ನು ಹಾಗೆ ಮರೆಯುವುದು ನಮ್ಮಿಂದಾಗಲಿಲ್ಲ. ಅದರಲ್ಲಿ ದೆವ್ವ ಇಲ್ಲ. ಕಥೆಯೂ ಇಲ್ಲವೆಂದೇ ಹೇಳಬೇಕು. ಮೊದಲ ಸಲ ನೋಡುವಾಗ ನಾವು ಅರ್ಧದಲ್ಲಿ ನಿಲ್ಲಿಸಿ ಕೋಣೆಯ ದೀಪ ಹಾಕಿದೆವು ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ.

ಕತ್ತಲಲ್ಲಿ ನಡುಗುವ ಒಂದು ಮನೆ ಕಾಣುತ್ತದೆ. ಹೆಣ್ಣೊಬ್ಬಳು ಅದರತ್ತ ನಡೆದು ಬಂದು ಒಳಗೆ ಹೋಗುತ್ತಾಳೆ. ಸ್ವಲ್ಪ ಹೊತ್ತು ಎಲ್ಲವೂ ಸುಮ್ಮನಿರುತ್ತದೆ. ಆಮೇಲೆ ಆಕೆಯ ಮುಖ ಎರಡಾಗುತ್ತದೆ, ನಾಲ್ಕಾಗುತ್ತದೆ. ಒಂದು ಮುಖ ಹಿಂತಿರುಗಿ ನೋಡಿದರೆ ಅದರ ಮೇಲೆಯೇ ಮೂಡಿದ ಇನ್ನೊಂದು ಮುಖ ಚೀರುತ್ತದೆ. ಗಾಜು ಒಡೆಯುತ್ತದೆ. ಗೋಡೆ ಎಲ್ಲಿ, ಕನ್ನಡಿ ಎಲ್ಲಿ, ಆಕೆಯ ಮೈ ಎಲ್ಲಿ ಎಂದು ತಿಳಿಯದಷ್ಟು ದೃಶ್ಯಗಳು ಒಂದರ ಮೇಲೊಂದು ಬೀಳುತ್ತವೆ. ಕೊನೆಗೆ ಹೆಣ್ಣೂ ಮನೆಯೂ ಮಾಯವಾಗಿ ಫಿಲಮ್ಮಿನ ಅಂಚಿನ ತೂತುಗಳು, ಧ್ವನಿಯ ಗೀರುಗಳು ಮಾತ್ರ ಪರದೆಯ ಮೇಲೆ ಕುಣಿಯತೊಡಗುತ್ತವೆ. ಯಾರೋ ಆಕೆಯ ಮೇಲೆ ಎರಗಿದ್ದಾರೆ ಎಂಬುದು ಸ್ಪಷ್ಟ. ಆ ಯಾರೋ ಯಾರು ಎಂಬುದನ್ನು ಚಿತ್ರ ಹೇಳುವುದಿಲ್ಲ.

ಈ ಚಿತ್ರಕ್ಕೆ ಚೆರ್ಕಾಸ್ಕಿ ಹೊಸದಾಗಿ ಚಿತ್ರೀಕರಣ ನಡೆಸಲಿಲ್ಲ. ಇದರ ಮೂಲ ಸಾಮಗ್ರಿ 1982ರ ಹಾಲಿವುಡ್ ಚಿತ್ರ ‘ದಿ ಎಂಟಿಟಿ’. ನಿರ್ದೇಶಕ ಸಿಡ್ನಿ ಜೆ. ಫ್ಯೂರಿ, ನಾಯಕಿ ಬಾರ್ಬರಾ ಹರ್ಷಿ. 1974ರಲ್ಲಿ ಲಾಸ್ ಏಂಜಲೀಸ್ ಬಳಿಯ ಕಲ್ವರ್ ಸಿಟಿಯಲ್ಲಿ ಹೆಣ್ಣೊಬ್ಬಳು, ಕಣ್ಣಿಗೆ ಕಾಣದ ಶಕ್ತಿಯೊಂದು ತನ್ನ ಮೇಲೆ ಅತ್ಯಾಚಾರ ಮಾಡುತ್ತಿದೆ ಎಂದು ಹೇಳಿಕೊಂಡಿದ್ದಳು. ಅತೀಂದ್ರಿಯ ಸಂಗತಿಗಳ ಸಂಶೋಧಕರು ಆ ಮನೆಗೆ ಹೋಗಿ ನೋಡಿದರು. ಅದನ್ನು ಆಧರಿಸಿ ಫ್ರ್ಯಾಂಕ್ ಡಿ ಫೆಲಿಟ್ಟಾ 1978ರಲ್ಲಿ ಕಾದಂಬರಿ ಬರೆದ, ಚಿತ್ರಕಥೆಯೂ ಅವನದೇ.

‘ದಿ ಎಂಟಿಟಿ’ಯ ಬಗ್ಗೆ ನಮಗೆ ಎರಡು ಮನಸ್ಸು. ಹೆಣ್ಣಿನ ಮೈಯನ್ನು ಅದು ನೋಡುವ ಬಗೆ ಅಸಹ್ಯ ಹುಟ್ಟಿಸುತ್ತದೆ. ಕಾಣದ ಬೆರಳುಗಳು ದೇಹವನ್ನು ಒತ್ತುವುದನ್ನು ತೋರಿಸಲಿಕ್ಕೆಂದೇ ಕೃತಕ ದೇಹವನ್ನು ಮಾಡಿಸಿದ್ದರು. ಸಂಕಟ ತೋರಿಸುವ ನೆಪದಲ್ಲಿ ನೋಟದ ಚಪಲಕ್ಕೆ ಉಣಿಸುವ ಈ ಜಾಣತನ ನಮಗೇನೂ ಹೊಸದಲ್ಲ. ಆದರೂ ಅದರಲ್ಲಿ ಒಂದು ನಿಜವಿದೆ. ಮೂರು ಮಕ್ಕಳ ಒಂಟಿ ತಾಯಿ ತನಗಾದದ್ದನ್ನು ಹೇಳಿಕೊಂಡಾಗ ಮನೋವೈದ್ಯರು ಇದೆಲ್ಲ ನಿನ್ನ ಬಾಲ್ಯದ ಗಾಯ, ನಿನ್ನ ಮನಸ್ಸಿನದೇ ಸೃಷ್ಟಿ ಎಂದು ತೀರ್ಮಾನ ಕೊಡುತ್ತಾರೆ. ಮೈಮೇಲಿನ ಕಲೆಗಳು ಸಾಕ್ಷಿಯಾಗುವುದಿಲ್ಲ. ಒಮ್ಮೆ ಗೆಳತಿಯೊಬ್ಬಳು ಮನೆಯಲ್ಲಿ ನಡೆಯುವುದನ್ನು ಕಣ್ಣಾರೆ ನೋಡಿಬಿಡುತ್ತಾಳೆ. ಆಗ ಆ ತಾಯಿಗೆ ಆಗುವ ನೆಮ್ಮದಿ ನೋಡಬೇಕು. ಪೀಡೆಯೇನೂ ತೊಲಗಿಲ್ಲ. ಇನ್ನೊಬ್ಬಳು ನೋಡಿದಳಲ್ಲ, ಅಷ್ಟೇ. ಹರ್ಷಿಯ ನಟನೆಯಲ್ಲಿ ನಮಗೆ ಅತ್ಯಂತ ಭಯ ಹುಟ್ಟಿಸಿದ್ದು ಈ ನೆಮ್ಮದಿಯೇ.

ಚೆರ್ಕಾಸ್ಕಿ ವೈದ್ಯರನ್ನು, ಸಂಶೋಧಕರನ್ನು, ವಾದವಿವಾದವನ್ನು ಎಲ್ಲ ಕಿತ್ತುಹಾಕಿದ್ದಾನೆ. ಉಳಿದದ್ದು ಮನೆ ಮತ್ತು ಆಕೆ. ಅವನ ವಿಧಾನವನ್ನು ತುಸು ವಿವರಿಸಬೇಕು, ಏಕೆಂದರೆ ಚಿತ್ರದ ಅರ್ಥ ಅಡಗಿರುವುದು ಅಲ್ಲಿಯೇ. ಅವನು ಕ್ಯಾಮೆರಾ ಬಳಸುವುದಿಲ್ಲ. ಕತ್ತಲೆ ಕೋಣೆಯಲ್ಲಿ ಬೆಳಕು ಕಾಣದ ಫಿಲಂ ಪಟ್ಟಿಯನ್ನು ಹಲಗೆಯ ಮೇಲೆ ಹಾಸಿ, ಅದರ ಮೇಲೆ ಹಳೆಯ ಚಿತ್ರದ ಪಟ್ಟಿಯನ್ನು ಇಟ್ಟು, ಸಣ್ಣ ಲೇಸರ್ ದೀಪದಿಂದ ಬೇಕಾದ ಭಾಗಕ್ಕೆ ಮಾತ್ರ ಬೆಳಕು ತಾಗಿಸುತ್ತಾನೆ. ಒಂದು ಚೌಕಟ್ಟಿನಲ್ಲಿ ಕಣ್ಣಿಗಷ್ಟೇ ಬೆಳಕು, ಇನ್ನೊಂದರಲ್ಲಿ ಬಾಗಿಲಿನ ಅಂಚಿಗೆ. ಆಮೇಲೆ ಬೇರೆ ಪಟ್ಟಿಯನ್ನು ಇಟ್ಟು ಅದೇ ಜಾಗಕ್ಕೆ ಮತ್ತೆ ಬೆಳಕು. ಒಂದು ಸೆಕೆಂಡಿಗೆ 24 ಚೌಕಟ್ಟು ಎಂದರೆ ಹತ್ತು ನಿಮಿಷಕ್ಕೆ 14,400. ಇಷ್ಟೂ ಕೈಯಿಂದಲೇ. ಮ್ಯಾನ್ ರೇ 1923ರಷ್ಟು ಹಿಂದೆಯೇ ಫಿಲಮ್ಮಿನ ಮೇಲೆ ಮೊಳೆ, ಪಿನ್ನುಗಳನ್ನು ನೇರವಾಗಿ ಹರವಿ ಬೆಳಕು ಹಾಯಿಸಿದ್ದ. ಚೆರ್ಕಾಸ್ಕಿ ಆ ದಾರಿಯವನು.

35 ಮಿಲಿಮೀಟರ್ ಫಿಲಮ್ಮಿನಲ್ಲಿ ಪ್ರತಿ ಚೌಕಟ್ಟಿಗೂ ಎರಡೂ ಬದಿಯಲ್ಲಿ ನಾಲ್ಕು ನಾಲ್ಕು ತೂತುಗಳಿರುತ್ತವೆ. ಯಂತ್ರದ ಹಲ್ಲುಗಳು ಪಟ್ಟಿಯನ್ನು ಎಳೆಯುವುದು ಅವುಗಳಿಂದ. ಚಿತ್ರದ ಪಕ್ಕದಲ್ಲಿ ಧ್ವನಿಯ ಸಣ್ಣ ಗೀರುಪಟ್ಟಿ ಓಡುತ್ತದೆ. ಪ್ರೇಕ್ಷಕನಿಗೆ ಇವೆರಡೂ ಕಾಣಬಾರದು ಎಂಬುದು ನಿಯಮ. ಹಿಂದೆ ನಮ್ಮ ಟೂರಿಂಗ್ ಟಾಕೀಸುಗಳಲ್ಲಿ ರೀಲು ಕಟ್ಟಾಗಿ, ನಾಯಕನ ಮುಖ ಕಂದುತ್ತ ಸುಟ್ಟುಹೋಗಿ, ಬರಿಯ ಬಿಳಿ ಪರದೆ ಉಳಿದಾಗ ಶಿಳ್ಳೆ ಬೀಳುತ್ತಿತ್ತು. ಜನ ಮೊದಲ ಬಾರಿಗೆ ಹಿಂದಕ್ಕೆ ತಿರುಗಿ ಆಪರೇಟರನ ಕಿಂಡಿಯತ್ತ ನೋಡುತ್ತಿದ್ದರು. ಆ ಕ್ಷಣವನ್ನು ಚೆರ್ಕಾಸ್ಕಿ ಬೇಕೆಂದೇ ಉಂಟುಮಾಡುತ್ತಾನೆ. ತೂತುಗಳು ಚೌಕಟ್ಟಿನೊಳಕ್ಕೆ ನುಗ್ಗಿ ಆಕೆಯ ಮುಖವನ್ನು ಕತ್ತರಿಸುತ್ತವೆ. ಚಿತ್ರದ ಚೂರುಗಳು ಧ್ವನಿಯ ಜಾಗಕ್ಕೆ ಜಾರಿದಾಗ ಯಂತ್ರ ಅವುಗಳನ್ನೂ ಶಬ್ದವೆಂದೇ ಓದಿ ಕರಕರನೆ ಅರಚುತ್ತದೆ. ‘ಔಟರ್ ಸ್ಪೇಸ್’ ಎಂಬ ಹೆಸರು ಕೇಳಿ ಅಂತರಿಕ್ಷವನ್ನು ನಿರೀಕ್ಷಿಸಿದವರಿಗೆ ನಿರಾಸೆಯಾದೀತು. ಇಲ್ಲಿನ ಹೊರಜಾಗ ಎಂದರೆ ಚೌಕಟ್ಟಿನ ಹೊರಗಿನದು. ಪೀಡೆ ಬರುವುದು ಅಲ್ಲಿಂದ.

ಚಿತ್ರವನ್ನು ಮೆಚ್ಚಿ ಬರೆದವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತಾರೆ. ಮಾಧ್ಯಮವು ತನ್ನನ್ನೇ ಬಯಲುಮಾಡಿಕೊಂಡಿತು, ಹಾಲಿವುಡ್ಡಿನ ಭ್ರಮೆ ಒಡೆಯಿತು ಎಂಬ ಧಾಟಿ. ಒಡೆದದ್ದು ನಿಜ. ಆದರೆ ನಮ್ಮೊಡನೆ ಈ ಚಿತ್ರ ನೋಡಿದ ಗೆಳತಿಯೊಬ್ಬರು ಕೇಳಿದ್ದು ಬೇರೆಯೇ: “ಭ್ರಮೆ ಒಡೆಯಬೇಕಾದರೆ ಒದೆ ತಿನ್ನಬೇಕಾದವಳು ಮತ್ತೆ ಇವಳೇನಾ?” ನಮ್ಮ ಬಳಿ ತಕ್ಷಣದ ಉತ್ತರವಿರಲಿಲ್ಲ. ಯೋಚಿಸಿದರೆ, ಕಲ್ವರ್ ಸಿಟಿಯ ಆ ಹೆಣ್ಣಿನ ಮಾತು ಸಂಶೋಧಕರ ಕೈಗೆ ಹೋಯಿತು, ಅಲ್ಲಿಂದ ಕಾದಂಬರಿಕಾರನ ಕೈಗೆ, ನಿರ್ದೇಶಕನ ಕೈಗೆ, ಇಪ್ಪತ್ತೈದು ವರ್ಷಗಳ ಬಳಿಕ ವಿಯೆನ್ನಾದ ಕತ್ತಲೆ ಕೋಣೆಯಲ್ಲಿ ಇನ್ನೊಬ್ಬ ಗಂಡಸಿನ ಕೈಗೆ. ಪ್ರತಿ ಕೈಬದಲಿನಲ್ಲೂ ಆಕೆ ಹೇಳಿದ್ದು ಕಡಿಮೆಯಾಗುತ್ತ, ಆಕೆಯ ಮೇಲೆ ನಡೆದದ್ದು ಹೆಚ್ಚಾಗುತ್ತ ಬಂದಿದೆ. ‘ಔಟರ್ ಸ್ಪೇಸ್’ನಲ್ಲಂತೂ ತನಗೇನಾಯಿತೆಂದು ಹೇಳಿಕೊಳ್ಳುವಷ್ಟೂ ಮಾತನ್ನು ಆಕೆಗೆ ಉಳಿಸಿಲ್ಲ.

ಇದನ್ನು ಚೆರ್ಕಾಸ್ಕಿ ಮರೆಮಾಚುವುದಿಲ್ಲ ಎಂಬುದು ಅವನ ಪರವಾಗಿ ಹೇಳಬೇಕಾದ ಮಾತು. ‘ದಿ ಎಂಟಿಟಿ’ಯಲ್ಲಿ ಹಲ್ಲೆ ಮಾಡಿದವನು ದೆವ್ವ; ನಿರ್ದೇಶಕನ ಕೈ ಶುದ್ಧ, ನಮ್ಮದೂ ಶುದ್ಧ. ‘ಔಟರ್ ಸ್ಪೇಸ್’ ಈ ಸಬೂಬನ್ನು ಕಿತ್ತುಕೊಳ್ಳುತ್ತದೆ. ಆಕೆಯ ಮುಖವನ್ನು ಕತ್ತರಿಸುವುದು ಫಿಲಮ್ಮಿನ ಅಂಚು, ಹರಿಯುವುದು ಬೆಳಕು, ಆ ಬೆಳಕನ್ನು ಹಿಡಿದಿರುವುದು ಒಬ್ಬ ಮನುಷ್ಯನ ಕೈ. ಕಾಣದ ಶಕ್ತಿ ಯಾವುದು ಎಂಬ ಪ್ರಶ್ನೆಗೆ ‘ಇದೇ ಸಿನಿಮಾ’ ಎಂಬ ಉತ್ತರ ಬರಬಹುದು. ಅದನ್ನು ಕತ್ತಲಲ್ಲಿ ಕುಳಿತು ನೋಡುತ್ತಿರುವವರು ಎಂಬ ಉತ್ತರವೂ ಬರಬಹುದು. ಚಿತ್ರ ಎರಡಕ್ಕೂ ಎಡೆ ಬಿಟ್ಟಿದೆ. ಅದರ ಅಸ್ಪಷ್ಟತೆ ಬರಿಯ ಗೊಂದಲವಲ್ಲ ಎಂದು ನಮಗೆ ಅನ್ನಿಸಿದ್ದು ಈ ಕಾರಣಕ್ಕೆ.

ಆಕೆ ಸುಮ್ಮನೆ ಬಲಿಯಾಗುವುದೂ ಇಲ್ಲ. ಗಾಜು ಒಡೆಯುವಾಗ ಒಡೆಯುತ್ತಿರುವುದು ಪೀಡೆಯೋ ಆಕೆಯೋ ಎಂದು ಅನುಮಾನ ಬರುವಷ್ಟು ರೋಷ ಆ ಭಾಗದಲ್ಲಿದೆ. ಇಡೀ ಚಿತ್ರವೇ ತೂತು ಗೀರುಗಳಾಗಿ ಕುಸಿದ ಮೇಲೂ ಆಕೆ ಮರಳಿ ಬರುತ್ತಾಳೆ. ಕೊನೆಯಲ್ಲಿ ಕನ್ನಡಿಯ ಚೂರುಗಳಂತೆ ಹರಡಿದ ಬಿಂಬಗಳೊಳಗಿಂದ ಆ ಕಣ್ಣುಗಳು ನೋಡುತ್ತವೆ. ಆ ನೋಟದಲ್ಲಿ ಬೇಡಿಕೆಯಿಲ್ಲ. ಮೂಲ ಚಿತ್ರದಲ್ಲಿ ಗೆಳತಿಯೊಬ್ಬಳ ಕಣ್ಣಿಗಾಗಿ ಹಂಬಲಿಸಿದವಳು ಇಲ್ಲಿ ನಮ್ಮನ್ನೇ ಸಾಕ್ಷಿಕಟ್ಟೆಗೆ ಹತ್ತಿಸಿದ್ದಾಳೆ. ಗೆಳತಿಗೆ ಇಷ್ಟು ತೋರಿಸಿದೆವು. “ನೋಡಿದಳು ಸರಿ, ಮಾತಾಡಲಿಲ್ಲವಲ್ಲ” ಎಂದರು.

ಚೆರ್ಕಾಸ್ಕಿ 2001ರಲ್ಲಿ ಅದೇ ‘ದಿ ಎಂಟಿಟಿ’ಯ ತುಣುಕುಗಳಿಂದಲೇ, ಮ್ಯಾನ್ ರೇ ನೆನಪಿಗೆ, ‘ಡ್ರೀಮ್ ವರ್ಕ್’ ಮಾಡಿದ. ಹೆಸರು ಫ್ರಾಯ್ಡ್‌ನಿಂದ ಬಂದದ್ದು. ಅದರಲ್ಲಿ ಆಕೆ ಮಲಗಿ ನಿದ್ದೆಹೋಗುತ್ತಾಳೆ, ಕನಸು ಕಾಣುತ್ತಾಳೆ; ಎರಗಿ ಬರುವುದೆಲ್ಲ ಆ ಕನಸಿನೊಳಗಿನದು. ಕುಶಲತೆಯಲ್ಲಿ ಅದು ಒಂದು ಕೈ ಮೇಲೆಯೇ ಇದ್ದೀತು. ಆದರೆ ಇದೆಲ್ಲ ನಿನ್ನ ಮನಸ್ಸಿನದೇ ಸೃಷ್ಟಿ ಎಂದು ‘ದಿ ಎಂಟಿಟಿ’ಯ ವೈದ್ಯರು ಹೇಳಿದ್ದರಲ್ಲ, ಆ ಮಾತಿಗೇ ಅದು ಮರಳಿದಂತಿದೆ. ಎರಡನ್ನೂ ಒಟ್ಟಿಗೆ ನೋಡಲು ಹೊರಟವರು ‘ಔಟರ್ ಸ್ಪೇಸ್’ ಅನ್ನು ಎರಡನೆಯದಾಗಿ ನೋಡಬೇಕೆಂದು ನಮ್ಮ ಸಲಹೆ.