ಯಾರ ಪ್ರಶಾಂತಿ?

ನಂಜನಗೂಡು, ತಿರುಮಕೂಡಲು ನರಸೀಪುರಗಳನ್ನು ಕುರಿತು ಬರೆಯುವವರು ಕಪಿಲೆಯ ಸೋಪಾನ, ಸಂಗಮದ ಮರಳು, ರಸಬಾಳೆ ಎಂದು ಹೇಳಿ, ‘ಪ್ರಶಾಂತ’ ಎಂಬ ಮಾತಿನಿಂದ ಮುಗಿಸಿಬಿಡುತ್ತಾರೆ. (ರಸಬಾಳೆಯೇನೋ ಈಗ ಅಪರೂಪ!) ಆ ಪ್ರಶಾಂತಿ ಯಾರದು? ಬಾಲವಿಧವೆಯಾದ ತಿರುಮಲಾಂಬನವರಿಗೆ ನಂಜನಗೂಡಿನ ಮೌನವೆಂದರೆ ಮನೆಯ ಗೋಡೆ. ಅದರೊಳಗಿಂದಲೇ 1913ರಲ್ಲಿ ‘ಸುಶೀಲೆ’ಯನ್ನು ಹೊರತಂದರು. ಅದರ ಆದರ್ಶ ಸತಿ ನನಗೆ ಒಪ್ಪಿಗೆಯಲ್ಲ. ಆದರೆ ಕೃತಿಯ ವಿಧೇಯತೆ ಕರ್ತೃವಿನಲ್ಲಿರಲಿಲ್ಲವೆಂಬುದನ್ನು ನಮ್ಮ ವಿಮರ್ಶಕರು ಗಮನಿಸಬೇಕಿತ್ತು.

ಅದೇ ತಾಲ್ಲೂಕಿನ ದೇವನೂರ ಮಹಾದೇವರ ‘ಕುಸುಮಬಾಲೆ’ ಪೇಟೆಯದಲ್ಲ, ಹಳ್ಳಿಯದು. ಅಲ್ಲಿ ದೀಪದ ಜೋತಮ್ಮಗಳು ಕೂಡಿ ಮಾತಾಡುವ ರಾತ್ರಿಯೂ ನಿಶ್ಶಬ್ದವೇ. ಅದರಡಿಯಲ್ಲಿ ಚನ್ನನ ಕೊಲೆಯಿದೆ. ತರಗತಿಯಲ್ಲಿ ಓದಿದಾಗ ಆ ನುಡಿ ಮೊದಲು ದಕ್ಕಿದ್ದು ನರಸೀಪುರದ ಬಸ್ಸಿನಲ್ಲಿ ಬರುವ ಹುಡುಗರಿಗೆ, ನನಗಲ್ಲ.